ಮಿಷನ್ ಯಾತ್ರೆಯಲ್ಲಿ ಮಕ್ಕಳ ಸೇವೆ: ಹೊರಡುವ ಮುನ್ನ

ಆತ್ಮೀಯರೇ,

ಬರಲಿರುವ ರಜೆಯಲ್ಲಿ ಪರದೇಶಕ್ಕೆ ಸುವಾರ್ತಾ ಸೇವೆಗೆ ಹೊರಟಿರುವ ಹಲವರು ಇಲ್ಲಿದ್ದೀರಿ. ಅಲ್ಲಿ ಏನು ಮಾಡುವಿರಿ ಎಂದು ಕೇಳಿದಾಗ ನಿಮ್ಮಲ್ಲಿ ಹೆಚ್ಚಿನವರು ಹೇಳಿದ್ದು ಮಕ್ಕಳ ಜೊತೆ ಇರುತ್ತೇವೆ ಎಂದು. ಅದು ಸಹಜವಾದ ಆಸೆ. ಭಾಷೆ ಬಾರದಿದ್ದರೂ ಮಕ್ಕಳು ಹತ್ತಿರ ಬರುತ್ತಾರೆ. ಒಂದು ಹಾಡು, ಒಂದು ಚೆಂಡು ಇದ್ದರೆ ಅರ್ಧ ಗಂಟೆಯಲ್ಲಿ ಗೆಳೆತನವಾಗುತ್ತದೆ. ಆದ್ದರಿಂದಲೇ ಯಾವ ತರಬೇತಿಯೂ ಇಲ್ಲದ ಸ್ವಯಂಸೇವಕರಿಗೆ ಮೊದಲು ವಹಿಸುವ ಕೆಲಸ ಅದೇ ಆಗಿರುತ್ತದೆ. ಗೋಡೆ ಕಟ್ಟಲು ಮೇಸ್ತ್ರಿ ಬೇಕು, ಔಷಧ ಕೊಡಲು ವೈದ್ಯರು ಬೇಕು ಎಂದು ಒಪ್ಪುವ ನಾವು ಮಕ್ಕಳನ್ನು ನೋಡಿಕೊಳ್ಳಲು ಪ್ರೀತಿಯೊಂದಿದ್ದರೆ ಸಾಕೆಂದು ತಿಳಿಯುತ್ತೇವೆ. ನಾನೂ ಮೊದಲ ಸಲ ಹಾಗೆ ತಿಳಿದೇ ಹೋಗಿದ್ದೆ.

ಆ ಸಲ ನಮ್ಮನ್ನು ಕಳಿಸಿದ್ದು ಒಂದು ಬಾಲಾಶ್ರಮಕ್ಕೆ. ವಾಹನದಿಂದ ಇಳಿದ ಕೂಡಲೇ ಆರು ವರ್ಷದ ಹುಡುಗಿಯೊಬ್ಬಳು ಓಡಿ ಬಂದು ನನ್ನ ಕೈ ಹಿಡಿದವಳು ಸಂಜೆಯವರೆಗೂ ಬಿಡಲಿಲ್ಲ. ಆ ರಾತ್ರಿ ಮನೆಗೆ ಬರೆದ ಪತ್ರದಲ್ಲಿ, ಇವಳಿಗಾಗಿಯೇ ದೇವರು ನನ್ನನ್ನು ಇಲ್ಲಿಗೆ ಕರೆತಂದಿದ್ದಾನೆ ಎಂದು ಬರೆದೆ. ಮೂರನೆಯ ದಿನ ಬೇರೊಂದು ತಂಡ ಬಂದಿತು. ಅದೇ ಹುಡುಗಿ ಅದೇ ರೀತಿ ಓಡಿಹೋಗಿ, ಹಿಂದೆಂದೂ ಕಾಣದ ಒಬ್ಬಾಕೆಯ ಕೈ ಹಿಡಿದುಕೊಂಡಳು. ಅಲ್ಲಿ ಬಹಳ ವರ್ಷಗಳಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು ಪಕ್ಕದಲ್ಲಿ ನಿಂತಿದ್ದರು. ‘ಅವಳು ನಿಮ್ಮ ಹೆಸರು ಕೇಳಿದಳೇ? ಯಾರ ಹೆಸರನ್ನೂ ಕೇಳುವುದಿಲ್ಲ. ಎಂದು ಹೋಗುತ್ತೀರಿ ಎಂದಷ್ಟೇ ಕೇಳುತ್ತಾಳೆ,’ ಎಂದರು. ನನ್ನನ್ನೂ ಆಕೆ ಅದನ್ನೇ ಕೇಳಿದ್ದಳು. ನಾನು ನಕ್ಕು ಮಾತು ಮರೆಸಿದ್ದೆ.

ಅಪರಿಚಿತರನ್ನು ಕಂಡೊಡನೆ ಅಪ್ಪಿಕೊಳ್ಳುವ ಮಗುವನ್ನು ನಾವು ಪ್ರೀತಿಯ ಮಗು ಎನ್ನುತ್ತೇವೆ; ಮಕ್ಕಳ ಮನಸ್ಸನ್ನು ಬಲ್ಲವರು ಅದರಲ್ಲಿ ಒಂದು ಗಾಯವನ್ನೂ ಕಾಣುತ್ತಾರೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ವರದಿಯಲ್ಲಿ, ಎಳೆಯ ಮಗುವಿಗೆ ತಾಯಿಯೊಡನೆ ಅಥವಾ ತಾಯಿಯ ಸ್ಥಾನದಲ್ಲಿ ನಿಲ್ಲುವ ಒಬ್ಬರೊಡನೆ ಮುರಿಯದ ಬಾಂಧವ್ಯ ಬೇಕೆಂದು ವಾದಿಸಿದ್ದರು. ರೊಮೇನಿಯಾದ ರಾಜಧಾನಿ ಬುಖಾರೆಸ್ಟಿನಲ್ಲಿ 2000ರಲ್ಲಿ ಆರಂಭವಾದ ಅಧ್ಯಯನವೊಂದು, ಆಶ್ರಮಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕು ಕುಟುಂಬಗಳಿಗೆ ಒಪ್ಪಿಸಿ, ಎರಡೂ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿತು. ಕುಟುಂಬ ಸೇರಿದ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಸೇರಿದವರು ಇನ್ನೂ ಚೆನ್ನಾಗಿ ಚೇತರಿಸಿಕೊಂಡರು. ಹತ್ತು ದಿನಕ್ಕೊಮ್ಮೆ ಬದಲಾಗುವ ಅಪ್ಪುಗೆಗಳಿಂದ ಇಂಥ ಮಗುವಿಗೆ ಏನಾಗುತ್ತದೆ ಎಂಬುದನ್ನು ನಾವು ಪ್ರಾಮಾಣಿಕವಾಗಿ ಯೋಚಿಸಬೇಕು. ಪ್ರತಿ ತಂಡದ ನಿರ್ಗಮನವೂ ಅದರ ಪಾಲಿಗೆ ಮತ್ತೊಂದು ಅಗಲಿಕೆ.

ಅನಾಥ ಮಕ್ಕಳ ಸೇವೆಗೆ ಆಧಾರವಾಗಿ ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಓದುವುದು ಬೈಬಲಿನ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ 27ನೆಯ ವಚನವನ್ನು. ಅಲ್ಲಿ ಅನಾಥರ ಪಕ್ಕದಲ್ಲಿಯೇ ವಿಧವೆಯರೂ ಇದ್ದಾರೆ ಎಂಬುದರ ಮೇಲೆ ನಾನು ಬಹುಕಾಲ ಮನಸ್ಸಿಟ್ಟಿರಲಿಲ್ಲ. ಹಳೆಯ ಒಡಂಬಡಿಕೆಯ ಉದ್ದಕ್ಕೂ ಈ ಎರಡು ಮಾತುಗಳು ಜೊತೆಯಾಗಿಯೇ ಬರುತ್ತವೆ. ಅಲ್ಲಿ ಅನಾಥನೆಂದರೆ ಮುಖ್ಯವಾಗಿ ತಂದೆಯಿಲ್ಲದ ಮಗು. ಆ ಮಗುವಿನ ತಾಯಿಯೇ ಎಷ್ಟೋ ವೇಳೆ ಪಕ್ಕದ ಪದದಲ್ಲಿರುವ ವಿಧವೆ. ಅಂದರೆ ವಚನವು ನಮ್ಮೆದುರಿಗೆ ಇಡುತ್ತಿರುವುದು ಒಂದು ಮನೆಯನ್ನು. ನಾವು ಆ ಮನೆಯಿಂದ ಮಗುವನ್ನು ಮಾತ್ರ ಎತ್ತಿಕೊಂಡು, ತಾಯಿಯನ್ನು ಹಿಂದೆ ಬಿಟ್ಟು ಬಂದಿದ್ದೇವೆ.

ಇದು ಬರೀ ವ್ಯಾಖ್ಯಾನದ ಮಾತಲ್ಲ. ತಂದೆತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವನ್ನೂ ಯುನಿಸೆಫ್ ಅನಾಥರ ಲೆಕ್ಕದಲ್ಲಿ ಸೇರಿಸುತ್ತದೆ. 2015ರಲ್ಲಿ ಹಾಗೆ ಲೆಕ್ಕ ಹಾಕಿದಾಗ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳಿದ್ದರು. ಇಬ್ಬರನ್ನೂ ಕಳೆದುಕೊಂಡವರು ಅವರಲ್ಲಿ ಸುಮಾರು ಒಂದೂವರೆ ಕೋಟಿ. ಕಾಂಬೋಡಿಯಾದ ಆಶ್ರಮಗಳಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಿಗೆ ತಂದೆ ಅಥವಾ ತಾಯಿ ಬದುಕಿದ್ದರೆಂದು 2011ರಲ್ಲಿ ತಿಳಿದುಬಂತು. ಮಕ್ಕಳನ್ನು ಅಲ್ಲಿಗೆ ತಂದದ್ದು ಬಡತನ, ಮತ್ತು ಆಶ್ರಮದಲ್ಲಿ ಓದು ಸಿಗುತ್ತದೆಂಬ ಆಸೆ. ಕಾಣಿಕೆ ಕೊಡುವ ವಿದೇಶೀಯರು ಮಕ್ಕಳನ್ನು ನೋಡಲು ಬರುತ್ತಾರೆಂದಾದರೆ, ತೋರಿಸಲು ಮಕ್ಕಳಿರಬೇಕಾಗುತ್ತದೆ. ಈ ಅಪಾಯವನ್ನು ಮನಗಂಡೇ ವಿಶ್ವಸಂಸ್ಥೆಯ ಮಹಾಸಭೆ 2019ರ ಡಿಸೆಂಬರಿನಲ್ಲಿ ಅಂಗೀಕರಿಸಿದ ನಿರ್ಣಯದಲ್ಲಿ, ಅನಾಥಾಶ್ರಮಗಳಲ್ಲಿ ನಡೆಯುವ ಸ್ವಯಂಸೇವಾ ಕಾರ್ಯಕ್ರಮಗಳಿಂದಾಗುವ ಹಾನಿಯನ್ನು ತಡೆಯುವಂತೆ ಸದಸ್ಯ ರಾಷ್ಟ್ರಗಳನ್ನು ಕೇಳಿಕೊಂಡಿತು.

ಒಳ್ಳೆಯ ಉದ್ದೇಶ ಎಲ್ಲಿಯವರೆಗೆ ದಾರಿ ತಪ್ಪಬಹುದೆಂಬುದಕ್ಕೆ ಹೈಟಿಯ ಪ್ರಸಂಗ ನಮ್ಮ ಮುಂದಿದೆ. 2010ರ ಜನವರಿ 12ರ ಭೂಕಂಪದ ಬಳಿಕ, ಆ ತಿಂಗಳ ಕೊನೆಯಲ್ಲಿ, ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟ್ ಕ್ರೈಸ್ತರು 33 ಮಕ್ಕಳನ್ನು ಸರಿಯಾದ ಕಾಗದಪತ್ರಗಳಿಲ್ಲದೆ ಗಡಿ ದಾಟಿಸಿ ಡೊಮಿನಿಕನ್ ಗಣರಾಜ್ಯಕ್ಕೆ ಒಯ್ಯಲು ಹೊರಟು ಬಂಧನಕ್ಕೊಳಗಾದರು. ಆ ಮಕ್ಕಳಲ್ಲಿ ಹಲವರ ತಂದೆತಾಯಿಯರು ಬದುಕಿದ್ದರು. ಆ ಹತ್ತು ಮಂದಿಯ ಮೇಲೆ ಕಲ್ಲೆಸೆಯಲು ನನಗೆ ಮನಸ್ಸಿಲ್ಲ. ಆದರೆ ಮಗುವನ್ನು ಕಂಡ ಕೂಡಲೇ ಇದರ ಮನೆ ಎಲ್ಲಿ, ಇದರವರು ಯಾರು ಎಂದು ಕೇಳುವ ಅಭ್ಯಾಸ ನಮಗಿರಬೇಕು.

ಇನ್ನು ಸುವಾರ್ತೆ ಸಾರುವ ವಿಷಯ. ಇಲ್ಲಿ ನನ್ನ ಅಭಿಪ್ರಾಯವನ್ನು ನಿಮ್ಮಲ್ಲಿ ಕೆಲವರು ಒಪ್ಪಲಿಕ್ಕಿಲ್ಲ. ನಾಲ್ಕರಿಂದ ಹದಿನಾಲ್ಕರ ವಯಸ್ಸಿನಲ್ಲಿ ನಂಬಿಕೆ ಬೇಗ ಬೇರೂರುತ್ತದೆ ಎಂಬ ಮಾತು ಮಿಷನ್ ವಲಯದಲ್ಲಿ ‘4/14 ಕಿಟಕಿ’ ಎಂಬ ಹೆಸರಿನಲ್ಲಿ ಬಹಳ ಪ್ರಚಾರದಲ್ಲಿದೆ. ಬೇಗ ನಂಬುವವರ ಮುಂದೆ ನಿಂತು ಮಾತನಾಡುವವರ ಹೊಣೆ ಹೆಚ್ಚುತ್ತದೆ. ವಿಶ್ವಸಂಸ್ಥೆಯಲ್ಲಿ 1989ರಲ್ಲಿ ಅಂಗೀಕಾರವಾದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೆಯ ವಿಧಿ ಮಗುವಿನ ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಗೌರವಿಸುತ್ತದೆ. ಆ ವಿಷಯದಲ್ಲಿ ಮಗುವಿಗೆ ದಾರಿ ತೋರಿಸುವ ತಂದೆತಾಯಿಯರ ಹಕ್ಕನ್ನೂ ಗೌರವಿಸುತ್ತದೆ. ಯೇಸುವಿನ ಕಥೆಯನ್ನು ಮನೆಯವರಿಗೆ ತಿಳಿಸಿ, ಅವರ ಒಪ್ಪಿಗೆಯಿಂದ, ಮುಚ್ಚುಮರೆಯಿಲ್ಲದೆ ಹೇಳೋಣ. ಆದರೆ ಉಡುಗೊರೆ ಹಂಚಿದ ಕೈಯಿಂದಲೇ, ಐದನೆಯ ದಿನದ ಸಂಜೆ, ಯಾರು ಯಾರು ಯೇಸುವನ್ನು ಸ್ವೀಕರಿಸುತ್ತೀರಿ ಕೈಯೆತ್ತಿ ಎಂದು ಕೇಳಿ ತಲೆ ಎಣಿಸಬೇಡಿ. ಹಸಿದ ಮಗು ಊಟ ಕೊಟ್ಟವರ ಪ್ರಶ್ನೆಗೆ ಇಲ್ಲ ಎನ್ನಲಾರದು. ಮಾರ್ಕನ ಸುವಾರ್ತೆಯಲ್ಲಿ ಯೇಸು ಮಕ್ಕಳನ್ನು ಅಪ್ಪಿಕೊಂಡು, ಕೈಯಿಟ್ಟು ಆಶೀರ್ವದಿಸುತ್ತಾನೆ. ಅವರಿಂದ ಉತ್ತರವೇನನ್ನೂ ಕೇಳುವುದಿಲ್ಲ. ಮಕ್ಕಳನ್ನು ಅಲ್ಲಿಗೆ ಕರೆತಂದಿದ್ದವರೂ ಅವರ ಮನೆಯವರೇ ಇದ್ದಿರಬೇಕು.

ಹಾಗಾದರೆ ಹೋಗಲೇಬಾರದೇ ಎಂದು ಕೇಳುವಿರಿ. ಹೋಗಿ, ಆದರೆ ಅಲ್ಲಿಯ ಕ್ರೈಸ್ತ ಸಭೆ ಕರೆದ ಕೆಲಸಕ್ಕೆ ಹೋಗಿ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಭಾನುವಾರ ಶಾಲೆ ತೆರೆದಾಗ, ವಾರವಿಡೀ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸಲು ಅಲ್ಲಿಯದೇ ಹೆಂಗಸರನ್ನು ಸಂಬಳ ಕೊಟ್ಟು ನೇಮಿಸಿದರು. ಮುಂದಿನ ಭಾನುವಾರವೂ ಆ ಶಿಕ್ಷಕಿ ಅಲ್ಲಿಯೇ ಇರುತ್ತಿದ್ದರು. ರಜಾ ಬೈಬಲ್ ಶಾಲೆ ನಡೆಸುವಾಗಲೂ ಅದೇ ಕ್ರಮವಿರಲಿ: ಪಾಠ ಹೇಳುವವರು ಸ್ಥಳೀಯ ಶಿಕ್ಷಕರು, ಬಣ್ಣದ ಕಾಗದ ಕತ್ತರಿಸುವವರು, ಬೆಂಚು ಸರಿಪಡಿಸುವವರು, ಪಾತ್ರೆ ತೊಳೆಯುವವರು ನೀವು. ಆ ಶಿಕ್ಷಕರಿಗೆ ಒಂದು ವಾರ ಬೇರೆ ದುಡಿಮೆಯ ಚಿಂತೆ ಇಲ್ಲದಂತೆ ನೋಡಿಕೊಂಡರೂ ಅದು ಮಕ್ಕಳ ಸೇವೆಯೇ.

ಕೆಲವು ನಿಯಮಗಳನ್ನು ಚರ್ಚೆಯಿಲ್ಲದೆ ಪಾಲಿಸಿ. ಯಾವ ಮಗುವಿನೊಡನೆಯೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಯಾವಾಗಲೂ ಇಬ್ಬರು ದೊಡ್ಡವರಿರಲಿ. ಹೊರಡುವ ಮೊದಲು ಪೊಲೀಸ್ ಪರಿಶೀಲನೆ ಕಡ್ಡಾಯ; ಸಭಾಪಾಲಕರ ಮಗನಾದರೂ ಸರಿ, ವಿನಾಯಿತಿಯಿಲ್ಲ. ಮನೆಯವರ ಮತ್ತು ಮಗುವಿನ ಒಪ್ಪಿಗೆಯಿಲ್ಲದೆ ಫೋಟೋ ತೆಗೆಯಬೇಡಿ. ನಿಮ್ಮ ಮಗುವಿನ ಅಂಥದೇ ಫೋಟೋವನ್ನು ಅಪರಿಚಿತರು ಅಂತರ್ಜಾಲಕ್ಕೆ ಹಾಕಿದರೆ ನಿಮಗೇನನಿಸುತ್ತದೆ ಎಂದು ಕೇಳಿಕೊಂಡರೆ, ತೆಗೆದ ಫೋಟೋಗಳಲ್ಲಿ ಹೆಚ್ಚಿನವು ನಿಮ್ಮ ಫೋನಿನಲ್ಲಿಯೇ ಉಳಿಯುತ್ತವೆ.

ಹೊರಡುವ ದಿನ ಯಾವುದೆಂದು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ. ಮುಂದಿನ ವರ್ಷ ಬರುತ್ತೇನೆ ಎಂಬ ಮಾತನ್ನು, ಬರುವುದು ಖಚಿತವಿಲ್ಲದಿದ್ದರೆ, ಅಳುವ ಮಗುವನ್ನು ಸಮಾಧಾನಪಡಿಸುವುದಕ್ಕೂ ಆಡಬೇಡಿ. ಅಂದು ನನ್ನ ಕೈ ಹಿಡಿದ ಹುಡುಗಿಗೆ ನಾನು ಆ ಮಾತು ಕೊಟ್ಟಿದ್ದೆ. ಎರಡು ವರ್ಷದ ಮೇಲೆ ಮತ್ತೆ ಹೋದಾಗ ಅವಳು ಅಲ್ಲಿರಲಿಲ್ಲ. ಅಜ್ಜಿಯ ಮನೆಗೆ ಹೋಗಿದ್ದಳು. ಅವಳಿಗೊಬ್ಬ ಅಜ್ಜಿ ಇದ್ದಾರೆಂದು ನನಗೆ ಗೊತ್ತಾದದ್ದೇ ಆಗ.

ಹಿಂತಿರುಗಿ ಬಂದ ಮೇಲೆ ನಿಮ್ಮ ಪ್ರಾರ್ಥನಾ ಪಟ್ಟಿಯಲ್ಲಿ ಮಕ್ಕಳ ಹೆಸರುಗಳನ್ನು ಬರೆದುಕೊಳ್ಳುತ್ತೀರಿ. ಪ್ರತಿ ಹೆಸರಿನ ಪಕ್ಕದಲ್ಲಿ ಆ ಮಗುವಿನ ತಾಯಿಯದೋ ಅಜ್ಜಿಯದೋ ಶಿಕ್ಷಕಿಯದೋ ಹೆಸರನ್ನೂ ಬರೆಯಿರಿ. ಅದಕ್ಕಾಗಿ ಅಲ್ಲಿರುವಾಗಲೇ ಅವರ ಹೆಸರು ಕೇಳಿ ತಿಳಿದುಕೊಳ್ಳಿ.