ಓದುವ ಕ್ವಿಜ್‌ಗೆ ಟೈಮರ್ ಯಾಕೆ?

ಸ್ಕ್ರೀನ್ ಮೇಲೆ ಓಡುತ್ತಿರುವ ಟೈಮರ್ ನೋಡಿದಿರಾ? ಇಂಗ್ಲಿಷ್ ಕಲಿಯುವವರಿಗೆ ಓದಿಸುವಾಗ ನಾನು ಮೊದಲು ಆಫ್ ಮಾಡುವುದೇ ಇದನ್ನು. 2013ರಲ್ಲಿ ಶುರುವಾದ ಕಹೂಟ್ ಎಂಬ ಕ್ವಿಜ್ ಆ್ಯಪ್‌ನಲ್ಲಿ ಬೇಗ ಒತ್ತಿದವರಿಗೆ ಪಾಯಿಂಟ್ ಜಾಸ್ತಿ. ಪದಗಳ ಅರ್ಥ ಕೇಳುವುದಕ್ಕೆ ಅದು ಸರಿ, ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಆದರೆ ಒಂದು ಪ್ಯಾರಾ ಅರ್ಥವಾಗಬೇಕು ಅಂದರೆ ಇವರು ಎರಡು ಸಲ ಓದಲೇಬೇಕು. ಎರಡನೇ ಸಲ ಓದಿದರೆ ಪಾಯಿಂಟ್ ಹೋಗುತ್ತದೆ ಅಂದರೆ ಯಾರು ಓದುತ್ತಾರೆ, ಹೇಳಿ?

ಹಾಗಂತ ಕ್ವಿಜ್ ಬೇಡ ಅಂತಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರ ಒಂದು ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಚಿಕ್ಕ ಪಾಠ ಕೊಟ್ಟರು. ಒಂದನ್ನು ಮತ್ತೆ ಓದಿಸಿದರು, ಇನ್ನೊಂದನ್ನು ನೋಡದೆ ನೆನಪಿದ್ದಷ್ಟು ಬರೆಸಿದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಮುಂದಿತ್ತು. ಒಂದು ವಾರ ಬಿಟ್ಟು ಕೇಳಿದರೆ ಪೂರ್ತಿ ಉಲ್ಟಾ: ಬರೆದಿದ್ದ ಪಾಠದಲ್ಲಿ ಶೇ. 56 ನೆನಪಿತ್ತು, ಓದಿದ್ದರಲ್ಲಿ ಶೇ. 42. ಆದರೆ ಇದು ನೆನಪಿನ ಲೆಕ್ಕ. ಅರ್ಥವಾಗಿದೆಯಾ ಅಂತ ತಿಳಿಯಲು ಪ್ರಶ್ನೆಯಲ್ಲೇ ದಮ್ಮಿರಬೇಕು.

ಈಗ ನಾನು ಟೈಪ್ ಮಾಡುತ್ತಿರುವ ಈ ವಾಕ್ಯವನ್ನೇ ನೋಡಿ. ‘ಟಾಮ್ ಗೇವ್ ಸ್ಯಾಮ್ ಹಿಸ್ ಅಂಬ್ರೆಲಾ ಬಿಕಾಸ್ ಹಿ ವಾಸ್ ಗೆಟಿಂಗ್ ವೆಟ್.’ ಕೊಡೆ ಕೊಟ್ಟವರು ಯಾರು ಅಂತ ಕೇಳಿದರೆ ಏನೂ ಅರ್ಥವಾಗದವರೂ ಮೊದಲ ಹೆಸರು ಒತ್ತಿ ಪಾರಾಗುತ್ತಾರೆ. ನೆನೆಯುತ್ತಿದ್ದವರು ಯಾರು ಅಂತ ಕೇಳಿ. ಆಯ್ಕೆಗಳು: ಟಾಮ್, ಸ್ಯಾಮ್, ಇಬ್ಬರೂ.

ಉತ್ತರ ಬಂದ ಮೇಲೆ ಯಾವ ಆಯ್ಕೆಯನ್ನು ಎಷ್ಟು ಜನ ಒತ್ತಿದರು ಅಂತ ತೋರಿಸುವ ಈ ಬಾರ್ ಚಾರ್ಟ್ ಬರುತ್ತದಲ್ವಾ, ನನಗೆ ಯಾರು ಮುಂದಿದ್ದಾರೆ ಅಂತ ಹೇಳುವ ಲೀಡರ್‌ಬೋರ್ಡ್‌ಗಿಂತ ಇದೇ ಮುಖ್ಯ. ತಪ್ಪೆಲ್ಲ ‘ಟಾಮ್’ ಮೇಲೇ ಬಿದ್ದಿದ್ದರೆ, ‘ಹಿ’ ಬಂದಾಗ ಇವರು ಸುಮ್ನೆ ಮೊದಲ ಹೆಸರನ್ನೇ ಹಿಡಿದುಕೊಳ್ಳುತ್ತಿರಬಹುದು. ಅಲ್ಲೇ ನಿಲ್ಲಿಸಿ, ಕೊಡೆ ಯಾರಿಗೆ ಬೇಕಿತ್ತು ಅಂತ ಅವರಿಂದಲೇ ಹೇಳಿಸಿ. ಮೂರೂ ಕಡೆ ಚೆದುರಿದ್ದರೆ ಕಥೆ ಬೇರೆ, ಪದಗಳೇ ಗೊತ್ತಿಲ್ಲದಿರಬಹುದು. ಆಗ ‘ಹಿ’ ಬಗ್ಗೆ ಎಷ್ಟು ಹೇಳಿದರೂ ವ್ಯರ್ಥ.

ಗೂಗಲ್ ಫಾರ್ಮ್ಸ್‌ನಲ್ಲಿ ಕ್ವಿಜ್ ಮಾಡಿದರೆ ತಪ್ಪು ಉತ್ತರಕ್ಕೆ ವಿವರಣೆ ಬರೆಯುವ ಜಾಗ ಇದೆ. ಎಷ್ಟೋ ಜನ ಅದನ್ನು ಖಾಲಿ ಬಿಡುತ್ತಾರೆ. ಅಲ್ಲಿ ಸರಿ ಉತ್ತರ ಬರೆಯಬೇಡಿ, ‘ಒದ್ದೆಯಾದವರಿಗೆ ತಾನೇ ಕೊಡೆ ಬೇಕು? ಮತ್ತೆ ಓದಿ’ ಅಂತಷ್ಟೇ ಹಾಕಿ. ಕೆಲವು ದಿನ ಬಿಟ್ಟು ಇದನ್ನೇ ಪರೀಕ್ಷಿಸಿ, ಆದರೆ ಹೆಸರು, ಸನ್ನಿವೇಶ ಎರಡೂ ಬದಲಾಗಿರಲಿ. ಇಲ್ಲದಿದ್ದರೆ ‘ಆನ್ಸರ್ ಸ್ಯಾಮ್’ ಅಂತ ಬಾಯಿಪಾಠ ಮಾಡಿಕೊಂಡು ಬರುತ್ತಾರೆ!