1969ರ ಕ್ಯಾಮರೊ: ತುಕ್ಕು ತಿಂದ ಕ್ವಾರ್ಟರ್ ಪ್ಯಾನಲ್‌ನ ಮನೆಯಲ್ಲೇ ಬದಲಿಸೋದು

ಹಿಂದಿನ ಚಕ್ರದ ಹಿಂಬದಿಗೆ ಬನ್ನಿ. ಬಂಪರ್‌ಗಿಂತ ಒಂದು ಗೇಣು ಮುಂದೆ, ಕ್ವಾರ್ಟರ್ ಪ್ಯಾನಲ್‌ನ, ಅಂದ್ರೆ ಬಾಗಿಲಿನಿಂದ ಹಿಂದಿನ ಬಂಪರ್‌ವರೆಗಿನ ಪಕ್ಕದ ತಗಡಿನ ತಳದಲ್ಲಿ, ಬಣ್ಣ ಕಡಲೆಕಾಳಿನ ಗಾತ್ರಕ್ಕೆ ಉಬ್ಬಿದೆ. ನಾಲ್ಕೈದು ಗುಳ್ಳೆ, ಅಷ್ಟೇ. ಈಗ ಸ್ಕ್ರೂಡ್ರೈವರ್ ತುದಿಯನ್ನ ಅಲ್ಲಿಟ್ಟು ಮೆಲ್ಲಗೆ ಒತ್ತಿ. ಹಪ್ಪಳ ಮುರಿದ ಹಾಗೆ ಒಳಗೆ ಹೋಯ್ತು ನೋಡಿ. ಉದುರಿದ ಚೂರಿನ ಹೊರಮೈಯಲ್ಲಿ ಬಣ್ಣ ಇನ್ನೂ ಹೊಳೀತಿದೆ, ಒಳಮೈ ಪೂರ್ತಿ ಕಂದು ಪುಡಿ. ಈ ಕಾರಿನ ತುಕ್ಕು ಒಳಗಿಂದ ಹೊರಗೆ ಬರುತ್ತೆ. ಹೊರಗೆ ಗುಳ್ಳೆ ಕಾಣೋ ಹೊತ್ತಿಗೆ ಒಳಗಿನ ತಗಡು ಮುಗಿದಿರುತ್ತೆ.

ಇದು ಷೆವರ್ಲೆ ಕ್ಯಾಮರೊ, ಮೊದಲ ತಲೆಮಾರಿನ ಕೊನೇ ವರ್ಷ, 1969. ಓಹಾಯೊದ ನಾರ್ವುಡ್‌ನಲ್ಲಿ, ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ತಯಾರಾದ ಕಾರು. ಎಂಜಿನ್ ಹೊರೋ ಮುಂದಿನ ಸಬ್‌ಫ್ರೇಮ್ ಬೋಲ್ಟ್ ಹಾಕಿ ಕೂರಿಸಿದ್ದು. ಅಲ್ಲಿಂದ ಹಿಂದಕ್ಕೆಲ್ಲ ಯೂನಿಬಾಡಿ, ಅಂದ್ರೆ ತಗಡೇ ಚಾಸಿ. ಹಾಗಾಗಿ ಮುಂದಿನ ಫೆಂಡರ್ ಬದಲಿಸೋದು ಸ್ಪ್ಯಾನರ್ ಕೆಲಸ, ಅರ್ಧ ದಿನ ಸಾಕು. ಹಿಂದಿನ ಕ್ವಾರ್ಟರ್ ಪ್ಯಾನಲ್ ಹಾಗಲ್ಲ. ಅದು ಚಾವಣಿ, ಬಾಗಿಲ ಕಂಬ, ರಾಕರ್ (ಬಾಗಿಲ ಕೆಳಗಿನ ಉದ್ದ ಪಟ್ಟಿ), ವೀಲ್‌ಹೌಸ್ (ಚಕ್ರದ ಮೇಲಿನ ಒಳ ಗೂಡು), ಡಿಕ್ಕಿಯ ಅಂಚು ಎಲ್ಲದಕ್ಕೂ ಬೆಸೆದುಕೊಂಡಿದೆ. ಈ ವಿಡಿಯೊ ಅದರ ಬಗ್ಗೆ ಮಾತ್ರ. ನಮ್ಮೂರ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಅಂತಾರಲ್ಲ, ಅದೇ ಕೆಲಸ. ಮಿಷಿಗನ್‌ನಲ್ಲೋ ಓಹಾಯೊದಲ್ಲೋ ಮನೆ ಪಕ್ಕದ ಗ್ಯಾರೇಜಿನಲ್ಲಿ ಇಂಥ ಕಾರು ಇಟ್ಟುಕೊಂಡಿರೋ ಕನ್ನಡಿಗರಿಗೆ ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪಿನ ಪರಿಚಯ ಚೆನ್ನಾಗೇ ಇರುತ್ತೆ.

ಆದ್ರೆ ತಪ್ಪೆಲ್ಲ ಉಪ್ಪಿನದಲ್ಲ. ಹಿಂದಿನ ಗಾಜಿನ ಕೆಳಮೂಲೆ ನೋಡಿ. ಕ್ರೋಮ್ ಪಟ್ಟಿಯ ಕೆಳಗೆ ಕಸ, ಎಲೆ ಸೇರುತ್ತೆ, ನೀರು ನಿಲ್ಲುತ್ತೆ, ಚಾನಲ್ ತೂತಾಗುತ್ತೆ. ಗಾಜಿಗೂ ಡಿಕ್ಕಿಗೂ ನಡುವಿನ ಡಚ್‌ಮನ್ ಪ್ಯಾನಲ್ ಮೊದಲು ಹೋಗುತ್ತೆ. ಅಲ್ಲಿಂದ ಸೋರಿದ ನೀರು ಡಿಕ್ಕಿ ನೆಲದ ಎರಡೂ ಪಕ್ಕದ ಗುಂಡಿಗಿಳಿಯುತ್ತೆ. ಈ ಗುಂಡಿಗೆ ಡ್ರಾಪ್-ಆಫ್ ಅಂತ ಹೆಸರು. ಅದರ ಹೊರಗೋಡೆಯೇ ಕ್ವಾರ್ಟರ್ ಪ್ಯಾನಲ್. ಈಗ ತೋರಿಸಿದ ಗುಳ್ಳೆ ಹುಟ್ಟಿದ್ದು ಅಲ್ಲಿ. ವಿನೈಲ್ ಟಾಪ್ ಇರೋ ಕಾರಾದ್ರೆ ಇನ್ನೂ ಕಷ್ಟ. ಆ ಹೊದಿಕೆ ಒದ್ದೆ ಬಟ್ಟೆ ಥರ ತೇವ ಹಿಡಿದಿಟ್ಟುಕೊಳ್ಳುತ್ತೆ. ಸೋರೋ ಗಾಜಿನ ಚಾನಲ್ ಹಾಗೇ ಬಿಟ್ಟು ಹೊಸ ಪ್ಯಾನಲ್ ಹಾಕಿದ್ರೆ ಅದೂ ಅದೇ ದಾರಿ ಹಿಡಿಯುತ್ತೆ.

ಯಾವ ಪ್ಯಾನಲ್ ತರಬೇಕು? ತುಕ್ಕು ಚಕ್ರದ ಹಿಂದಿನ ತಳಭಾಗದಲ್ಲಿ ಮಾತ್ರ ಇದ್ರೆ ಪ್ಯಾಚ್ ಸಾಕು. ಚಕ್ರದ ಕಮಾನಿನ ಸುತ್ತ, ಬಾಗಿಲ ಕಡೆ, ಡಿಕ್ಕಿ ಅಂಚಿನಲ್ಲೂ ಇದ್ರೆ ಪೂರ್ತಿ ಕ್ವಾರ್ಟರ್ ತನ್ನಿ. ಇವೆರಡರ ನಡುವೆ ಸ್ಕಿನ್ ಅಂತ ಒಂದು ಬರುತ್ತೆ, ಅದು ಹೊರಮೈ ಮಾತ್ರ. ಮೇಲ್ಭಾಗ, ಬಾಗಿಲ ಜಾಂಬ್‌ನೊಳಗೆ (ಬಾಗಿಲು ಮುಚ್ಚಿ ಕೂರೋ ಚೌಕಟ್ಟು) ಮಡಚಿ ಹೋಗೋ ಅಂಚು ಅದರಲ್ಲಿರಲ್ಲ. ಅಗ್ಗ ಅಂತ ತಂದ್ರೆ ಪ್ಯಾನಲ್‌ನ ಉದ್ದಕ್ಕೂ ಚಪ್ಪಟೆ ತಗಡಿನ ನಡುವೆ ವೆಲ್ಡ್ ಎಳೀಬೇಕಾಗುತ್ತೆ. ತಗಡು ಸುಲಭವಾಗಿ ಸೊಟ್ಟಗಾಗೋ ಜಾಗ ಅದೇ. ಮನೆಯಲ್ಲಿ ಮೊದಲ ಸಲ ಮಾಡೋರಿಗೆ ಪೂರ್ತಿ ಕ್ವಾರ್ಟರೇ ಸುಲಭ ಅನ್ನೋದು ನಮ್ಮ ಅಭಿಪ್ರಾಯ. ಕಾರ್ಖಾನೆಯವರು ಎಲ್ಲಿ ಸೇರಿಸಿದ್ರೋ ನೀವೂ ಅಲ್ಲೇ ಸೇರಿಸ್ತೀರಿ, ಆ ಜೋಡಣೆಗಳೆಲ್ಲ ಅಂಚುಗಳಲ್ಲಿವೆ. 69ರ ಕ್ಯಾಮರೊಗೆ ಬಿಡಿಭಾಗದ ಕೊರತೆಯಿಲ್ಲ. ಡೈನಾಕಾರ್ನ್‌ನವರು ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರ್ತಾರೆ.

ಪೆಟ್ಟಿಗೆ ಬಂದ ದಿನವೇ ಬಿಚ್ಚಿ ನೋಡಿ. ಸಾಗಣೆಯಲ್ಲಿ ಅಂಚು ಬಾಗಿರಬಹುದು. ಹಿಂಚಕ್ರದ ಮುಂದೆ ಮೀನಿನ ಕಿವಿರಿನ ಹಾಗಿರೋ ಗೆರೆಗಳು, ಚಕ್ರದ ಕಮಾನಿನ ಮೇಲಿಂದ ಹಿಂದಕ್ಕೆ ಹರಿಯೋ ಮಡಿಕೆ, ಇವು 69ರ ಗುರುತು. ಹಳೇ ಪ್ಯಾನಲ್ ಪಕ್ಕಕ್ಕಿಟ್ಟು ಆ ಗೆರೆಗಳ ಅಂಚು ಅಷ್ಟೇ ಚೂಪಾಗಿದೆಯಾ ಅಂತ ಬೆರಳಾಡಿಸಿ ನೋಡಿ. ಹಳೇ ಪ್ಯಾನಲ್‌ನ ಗುಜರಿಗೆ ಹಾಕೋಕೆ ಅವಸರ ಬೇಡ. ಟ್ರಿಮ್ ಕ್ಲಿಪ್ ಎಲ್ಲಿ, ತೂತು ಎಲ್ಲಿ ಅಂತ ಕೊನೇ ದಿನದವರೆಗೂ ಅದನ್ನೇ ಕೇಳ್ಬೇಕಾಗುತ್ತೆ.

ಈಗ ತಯಾರಿ. ಬ್ಯಾಟರಿ ಕಳಚಿ. ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ಕೆಳಗೇ ಇದೆ, ಅದನ್ನ ಇಳಿಸಿ ಗ್ಯಾರೇಜಿನಿಂದಲೇ ಆಚೆ ಇಡಿ. ಹಿಂದಿನ ಗಾಜು, ಪಕ್ಕದ ಗಾಜು, ಸೀಟು, ಕಾರ್ಪೆಟ್ ಎಲ್ಲಾ ಹೊರಗೆ. ಹಳೇ ಟಾರಿನ ಅಂಡರ್‌ಕೋಟಿಂಗ್ ಕೆರೆದು ತೆಗೀರಿ, ಅದಕ್ಕೆ ಕಿಡಿ ತಗುಲಿದ್ರೆ ಒಳಗೊಳಗೇ ಹೊಗೆಯಾಡುತ್ತೆ. ವೆಲ್ಡಿಂಗ್ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಅಲ್ಲಿಂದ ಕದಲಬೇಡಿ, ಬೆಂಕಿ ಆರಿಸೋ ಸಿಲಿಂಡರ್ ಕೈಗೆಟುಕೋ ಹಾಗಿರಲಿ. ಇನ್ನೊಂದು ಮಾತು ದಯವಿಟ್ಟು ನೆನಪಿಡಿ: ವೆಲ್ಡ್ ಮಾಡೋ ತಗಡನ್ನ ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್‌ನಿಂದ ಒರೆಸಬೇಡಿ. ಆರ್ಕ್‌ನ ಶಾಖಕ್ಕೆ ಅದು ಫಾಸ್ಜೀನ್ ಅನ್ನೋ ವಿಷಾನಿಲ ಆಗುತ್ತೆ. ಸ್ವಲ್ಪವೇ ಸಾಕು, ಜೀವಕ್ಕೆ ಕುತ್ತು. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ, ಡಬ್ಬ ದೂರ ಇಟ್ಟು ವೆಲ್ಡ್ ಮಾಡಿ.

ಕಾರು ಸಮತಟ್ಟಾಗಿ, ತನ್ನ ಭಾರ ತಾನೇ ಹೊತ್ತು ನಿಂತಿರಬೇಕು. ಸ್ಟ್ಯಾಂಡ್‌ಗಳನ್ನ ಹಿಂದೆ ಆಕ್ಸಲ್ ಕೆಳಗೆ, ಮುಂದೆ ಸಬ್‌ಫ್ರೇಮ್ ಕೆಳಗೆ ಕೊಡಿ. ನಡುವೆ ಎಲ್ಲೋ ಎತ್ತಿ ಹಿಂಭಾಗ ನೇತಾಡೋಕೆ ಬಿಟ್ರೆ ಬಾಡಿ ಬಾಗುತ್ತೆ, ಬಾಗಿದ ಬಾಡಿಗೆ ಹೊಸ ಪ್ಯಾನಲ್ ಬೆಸೆದ್ರೆ ಆ ಸೊಟ್ಟ ಅಲ್ಲೇ ಉಳಿಯುತ್ತೆ. ಬಾಗಿಲ ಜಾಗದಲ್ಲಿ 25 ಮಿಮೀ ಚೌಕದ ಪೈಪಿನ ಆಧಾರ ಕೊಡಿ, ಎಡ ಕಂಬದಿಂದ ಬಲ ಕಂಬಕ್ಕೆ ಇನ್ನೊಂದು. ಬಾಗಿಲು ಹಾಕಿ ತೆಗೆಯೋಕೆ ಅಡ್ಡ ಬರದ ಹಾಗೆ ಒಳಗಡೆ ಸರಿಸಿ ಕೊಡಿ, ಯಾಕಂದ್ರೆ ಮುಂದೆ ಬಾಗಿಲೇ ನಮ್ಮ ಅಳತೆಗೋಲು. ಹಿಂಜ್ ಪಿನ್, ಬುಷ್ ಸವೆದಿದ್ರೆ ಈಗಲೇ ಬದಲಿಸಿ. ಜೋತುಬಿದ್ದ ಬಾಗಿಲಿಗೆ ಪ್ಯಾನಲ್ ಹೊಂದಿಸಿ, ಆಮೇಲೆ ಹಿಂಜ್ ಸರಿ ಮಾಡಿದ್ರೆ ಸಂದು ಮೇಲೆ ಅಗಲ, ಕೆಳಗೆ ಕಿರಿದು ಆಗುತ್ತೆ.

ಎರಡೂ ಪಕ್ಕ ಒಟ್ಟಿಗೇ ಕತ್ತರಿಸಬೇಡಿ. ಒಂದು ಕಡೆ ಹಾಗೇ ಇದ್ರೆ ಅಳತೆಗೆ ಆಸರೆ ಇರುತ್ತೆ.

ಮೊದಲು ಪ್ಯಾನಲ್‌ನ ನಡುಭಾಗವನ್ನ ಎಲ್ಲ ಅಂಚಿನಿಂದಲೂ 50 ಮಿಮೀ ಒಳಗೆ ಒರಟಾಗಿ ಕತ್ತರಿಸಿ ತೆಗೆದುಬಿಡಿ. ಉಳಿದ ಪಟ್ಟಿಯಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗಳಿವೆ, ಅಂದ್ರೆ ಎರಡು ತಗಡನ್ನ ಚುಕ್ಕಿ ಚುಕ್ಕಿಯಾಗಿ ಬೆಸೆದ ಜಾಗಗಳು. ವೈರ್ ಬ್ರಷ್ ಹಾಕಿದ್ರೆ ಬೆರಳ ತುದಿಯಷ್ಟಗಲದ ಸಣ್ಣ ತಗ್ಗುಗಳ ಥರ ಕಾಣಿಸ್ತವೆ. ಪ್ರತಿಯೊಂದಕ್ಕೂ ಪಂಚ್ ಹೊಡೆದು, 8 ಅಥವಾ 10 ಮಿಮೀ ಸ್ಪಾಟ್ ವೆಲ್ಡ್ ಕಟರ್‌ನಿಂದ ಮೇಲಿನ ತಗಡನ್ನ ಮಾತ್ರ ಕೊರೀರಿ. ಡ್ರಿಲ್ ನಿಧಾನಕ್ಕೆ ತಿರುಗಲಿ. ಮೇಲಿನ ಪದರ ಕಡಿದ ಕೂಡಲೇ ಕಟರ್‌ನ ಸುತ್ತ ತುಕ್ಕಿನ ಪುಡಿ ಏಳುತ್ತೆ, ಅಲ್ಲಿಗೆ ನಿಲ್ಲಿಸಿ. ಕೆಳಗಿನ ತಗಡು ತೂತಾದ್ರೆ ಹಿಂದೆ ತಾಮ್ರದ ಪಟ್ಟಿ ಒತ್ತಿಹಿಡಿದು ತುಂಬಬಹುದು, ಆದ್ರೆ ಅಂಥ ತೂತು ಮೂವತ್ತು ನಲವತ್ತಾದ್ರೆ ಒಂದು ದಿನ ಅದಕ್ಕೇ ಹೋಗುತ್ತೆ.

ಚಾವಣಿಯ ಹತ್ತಿರ ಜೋಡಣೆ ಕಣ್ಣಿಗೆ ಕಾಣಲ್ಲ. ಕಾರ್ಖಾನೆಯಲ್ಲಿ ಅದರ ಮೇಲೆ ಸೀಸ ತುಂಬಿದ್ದಾರೆ. ಗ್ರೈಂಡರ್ ಹಾಕಬೇಡಿ, ಸೀಸದ ಧೂಳು ಇಡೀ ಗ್ಯಾರೇಜಿಗೆ ಹರಡುತ್ತೆ. ಪ್ರೊಪೇನ್ ಟಾರ್ಚ್‌ನ ದೂರದಿಂದ ಆಡಿಸಿ. ಸೀಸ ಬೆಣ್ಣೆಯಂತೆ ಮೆತ್ತಗಾಗಿ ಹೊಳಪು ಬಂದ ಕ್ಷಣ ವೈರ್ ಬ್ರಷ್‌ನಿಂದ ಕೆಳಗಿಟ್ಟ ತಟ್ಟೆಗೆ ಎಳೀರಿ. ಪಿ100 ಫಿಲ್ಟರ್ ಇರೋ ಮಾಸ್ಕ್, ಕೈಗವಸು, ತೆರೆದ ಬಾಗಿಲು, ಮೂರೂ ಬೇಕು. ಮನೆಯಲ್ಲಿ ಮಕ್ಕಳಿದ್ರೆ ಆ ಬಟ್ಟೆಯಲ್ಲಿ ಒಳಗೆ ಹೋಗಬೇಡಿ. ಜೋಡಣೆಯಲ್ಲಿ ಚೂರು ಸೀಸ ಉಳಿದ್ರೂ ವೆಲ್ಡ್ ಸಿಡಿದು ಸ್ಪಂಜಿನ ಥರ ತೂತುತೂತಾಗುತ್ತೆ, ಹಾಗಾಗಿ ಬೆಳ್ಳಗೆ ಲೋಹ ಕಾಣೋವರೆಗೆ ಬಿಡಬೇಡಿ.

ಪ್ಯಾನಲ್ ಹೊರಬಂದ ಮೇಲೆ ಒಳಗಿನ ನಿಜಸ್ಥಿತಿ ಗೊತ್ತಾಗುತ್ತೆ. ಹೊರ ವೀಲ್‌ಹೌಸ್, ಡ್ರಾಪ್-ಆಫ್ ಹೆಚ್ಚೂ ಕಡಿಮೆ ಹೋಗೇ ಇರ್ತವೆ. ಎರಡನ್ನೂ ಈಗಲೇ ಬದಲಿಸಿ, ಮತ್ತೆ ಇಷ್ಟು ಸಲೀಸಾಗಿ ಕೈ ಹೋಗಲ್ಲ. ಆದ್ರೆ ಹೊರ ವೀಲ್‌ಹೌಸ್‌ನ ಕ್ಲ್ಯಾಂಪ್ ಮತ್ತು ಸ್ಕ್ರೂನಲ್ಲಿ ಮಾತ್ರ ನಿಲ್ಲಿಸಿ. ಅದು 3 ಮಿಮೀ ಹೊರಗೆ ಬಂದಿದ್ರೂ ಕ್ವಾರ್ಟರ್‌ನ ಕಮಾನು ಹೊರಕ್ಕೆ ಉಬ್ಬುತ್ತೆ. ಕ್ವಾರ್ಟರ್ ಕೂರಿಸಿ ನೋಡಿ ಒಪ್ಪಿಗೆಯಾದ ಮೇಲೇ ಅದಕ್ಕೆ ವೆಲ್ಡ್.

ಇನ್ನು ಹೊಂದಿಸೋದು. ಇಡೀ ಕೆಲಸದ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗೋದು ಇಲ್ಲಿ, ಹೋಗಲೂ ಬೇಕು. ಪ್ಯಾನಲ್‌ನ ಬಾಗಿಲ ಜಾಂಬ್‌ಗೆ ಕೊಂಡಿ ಹಾಕಿದ ಹಾಗೆ ಸಿಕ್ಕಿಸಿ, ಚಾವಣಿ ಜೋಡಣೆಗೆ ಒತ್ತಿ, ಡಿಕ್ಕಿ ಗಟಾರಿನ ಮೇಲೆ ಕೂರಿಸಿ. ವೈಸ್ ಗ್ರಿಪ್ ಹಾಕಿ, ಅದು ಹಿಡಿಯದ ಕಡೆ ತಗಡಿನ ಸ್ಕ್ರೂ ಹಾಕಿ. ಬಾಗಿಲು ಮುಚ್ಚಿ. ಸಂದು ಮೇಲಿಂದ ಕೆಳಗೆ ಸುಮಾರು 5 ಮಿಮೀ ಒಂದೇ ಸಮ ಇದೆಯಾ? 5 ಮಿಮೀ ಡ್ರಿಲ್ ಬಿಟ್‌ನ ಹಿಂಬದಿಯನ್ನ ಸಂದಿನಲ್ಲಿ ಜಾರಿಸಿ ನೋಡಿ, ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಪೆನ್ಸಿಲ್ ಗುರುತು. ಉದ್ದನೆಯ ಸ್ಕೇಲನ್ನ ಬಾಗಿಲಿಗೂ ಪ್ಯಾನಲ್‌ಗೂ ಅಡ್ಡ ಇಟ್ಟು ಎರಡೂ ಒಂದೇ ಮಟ್ಟದಲ್ಲಿವೆಯಾ ನೋಡಿ. ಆಮೇಲೆ ಡಿಕ್ಕಿ ಮುಚ್ಚಳ, ರಬ್ಬರ್ ಪಟ್ಟಿ ಸಮೇತ. ಆಮೇಲೆ ಟೇಲ್ ಲ್ಯಾಂಪ್, ಬಂಪರ್, ಹಿಂದಿನ ಗಾಜು. ಒಂದು ಕಡೆ ಸರಿಯಾದ್ರೆ ಇನ್ನೊಂದು ಕಡೆ ತಪ್ಪುತ್ತೆ. ಹತ್ತು ಸಲ ಹಾಕಿ ಹತ್ತು ಸಲ ತೆಗೆದ್ರೂ ಅದು ದಂಡ ಅಲ್ಲ. ಈಗ ಅಂಚು ಬಗ್ಗಿಸೋಕೆ ಇಕ್ಕಳ ಸಾಕು, ವೆಲ್ಡ್ ಆದ ಮೇಲೆ ಕಟಿಂಗ್ ವೀಲ್ ಬೇಕಾಗುತ್ತೆ.

ಎಲ್ಲ ಸರಿಯಾದ ಮೇಲೆ ಪ್ಯಾನಲ್ ತೆಗೆದು ಅಂಚುಗಳಲ್ಲಿ 8 ಮಿಮೀ ತೂತುಗಳನ್ನ ಹೊಡೀರಿ, ಕಾರ್ಖಾನೆಯ ಸ್ಪಾಟ್‌ಗಳ ಅಂತರದಲ್ಲೇ, ಸುಮಾರು 30ರಿಂದ 40 ಮಿಮೀಗೊಂದು. ತೂತಿನ ಸುತ್ತ ಕಪ್ಪು ಲೇಪ ತೆಗೆದು ಬರೀ ಲೋಹ ಮಾಡಿ. ಒಂದಕ್ಕೊಂದು ತಾಗೋ ಮೈಗಳಿಗೆ ಸತುವಿನ ವೆಲ್ಡ್-ಥ್ರೂ ಪ್ರೈಮರ್ ತೆಳ್ಳಗೆ ಹೊಡೆದು, ತೂತಿನ ನಟ್ಟನಡುವೆ ಮಾತ್ರ ಕೆರೀರಿ.

ಮಿಗ್ ವೆಲ್ಡರ್‌ಗೆ 0.6 ಮಿಮೀ ವೈರ್, ಶೇಕಡಾ 75 ಆರ್ಗಾನ್, 25 ಕಾರ್ಬನ್ ಡೈಆಕ್ಸೈಡ್, ನಿಮಿಷಕ್ಕೆ 10ರಿಂದ 12 ಲೀಟರ್. ಗ್ಯಾಸ್ ಇಲ್ಲದ ಫ್ಲಕ್ಸ್ ವೈರ್ ಈ ತಗಡಿಗೆ ಆಗಿಬರಲ್ಲ, ಶಾಖ ಹೆಚ್ಚು. ಸೆಟಿಂಗ್‌ನ ಕಾರಿನ ಮೇಲೆ ಕಲೀಬೇಡಿ. ಕತ್ತರಿಸಿದ ಹಳೇ ಪ್ಯಾನಲ್‌ನ ಒಳ್ಳೇ ಭಾಗದಲ್ಲಿ ಎರಡು ಪಟ್ಟಿ ಮಾಡಿ, ಪ್ಲಗ್ ವೆಲ್ಡ್ (ಮೇಲಿನ ತಗಡಿನ ತೂತು ತುಂಬಿ ಕೆಳಗಿನದಕ್ಕೆ ಬೆಸೆಯೋದು) ಹಾಕಿ, ವೈಸ್‌ಗೆ ಕೊಟ್ಟು ಸುಲಿದು ನೋಡಿ. ಕೆಳಗಿನ ತಗಡು ಹರಿದು ಬಂದ್ರೆ ವೆಲ್ಡ್ ಹಿಡಿದಿದೆ. ಮೇಲಿನ ಗುಂಡಿ ಮಾತ್ರ ಕಿತ್ತು ಬಂದ್ರೆ ಅದು ಅಂಟಿದೆ, ಬೆಸೆದಿಲ್ಲ. ಆರ್ಕ್ ಕೆಳಗಿನ ತಗಡಿನ ನಡುವೆ ಶುರುವಾಗಿ ಸುತ್ತುತ್ತಾ ಅಂಚಿಗೆ ಬರಬೇಕು.

ಪ್ಯಾನಲ್ ಮತ್ತೆ ಕೂರಿಸಿ, ಮೊದಲು ಬಾಗಿಲ ಜಾಂಬ್‌ನಲ್ಲಿ ಮೂರು ವೆಲ್ಡ್, ಚಾವಣಿಯಲ್ಲಿ ಎರಡು, ಡಿಕ್ಕಿ ಗಟಾರಿನಲ್ಲಿ ಎರಡು. ಬಾಗಿಲು ಮುಚ್ಚಿ ಸಂದು ನೋಡಿ. ಸರಿ ಇದ್ರೆ ಮುಂದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತಾ ಹೋಗಿ. ಚಕ್ರದ ಕಮಾನು ಕೊನೆಗೆ.

ಪ್ಯಾಚ್ ಹಾಕೋರಿಗೆ ಬೇರೆ ಮಾತು. ತಗಡಿನ ಮೇಲೆ ತಗಡು ಹತ್ತಿಸಿ ಬೆಸೆದ್ರೆ ಸುಲಭ, ಆದ್ರೆ ಹಿಂದಿನ ಸಂದಿನಲ್ಲಿ ನೀರು ಕೂರುತ್ತೆ, ಬಿಸಿಲಲ್ಲಿ ನಿಂತಾಗ ಬಣ್ಣದ ಮೇಲೆ ಉದ್ದಕ್ಕೆ ಗೆರೆ ಮೂಡುತ್ತೆ. ಅಂಚಿಗೆ ಅಂಚು ಕೊಟ್ಟು, ನಡುವೆ ವೈರ್‌ನಷ್ಟೇ ಸಂದು ಬಿಟ್ಟು ಚುಕ್ಕಿ ಚುಕ್ಕಿಯಾಗಿ ಬೆಸೀರಿ. ಮೊದಲು 25 ಮಿಮೀಗೊಂದು ಚುಕ್ಕಿ, ಆಮೇಲೆ ಎರಡರ ನಡುವೆ ಒಂದು. ಅಂಗೈ ಇಡೋಕಾಗದಷ್ಟು ಬಿಸಿ ಇದ್ರೆ ಕಾಯಿರಿ. ವೆಲ್ಡ್ ಆರುವಾಗ ಕುಗ್ಗುತ್ತೆ, ಸುತ್ತಲಿನ ತಗಡನ್ನ ತನ್ನ ಕಡೆಗೆ ಎಳೆಯುತ್ತೆ. ಚುಕ್ಕಿಯನ್ನ ಸಪಾಟಾಗಿ ಉಜ್ಜಿ, ಹಿಂದೆ ಡಾಲಿ (ಕೈಯಲ್ಲಿ ಹಿಡಿಯೋ ಉಕ್ಕಿನ ಗಟ್ಟಿ) ಹಿಡಿದು ಮೇಲಿಂದ ಹಗುರವಾಗಿ ಸುತ್ತಿಗೆ ಕೊಟ್ರೆ ಕುಗ್ಗಿದ್ದು ಮತ್ತೆ ಹಿಗ್ಗುತ್ತೆ. ಇದನ್ನ ಬಿಟ್ರೆ ಪ್ಯಾನಲ್ ಒತ್ತಿದಾಗ ಎಣ್ಣೆ ಡಬ್ಬದ ತಳದಂತೆ ಟಪ್ ಅಂತ ಒಳಗೆ ಹೋಗಿ ಟಪ್ ಅಂತ ಹೊರಗೆ ಬರುತ್ತೆ, ಪುಟ್ಟಿ ಹಾಕಿದ್ರೂ ನಿಲ್ಲಲ್ಲ.

ಚಾವಣಿ ಜೋಡಣೆಗೆ ಮತ್ತೆ ಸೀಸ ತುಂಬೋದಾದ್ರೆ 70 ಸೀಸ, 30 ತವರದ ಕಡ್ಡಿ ತನ್ನಿ. 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಿ 255ರ ಸುಮಾರಿಗೆ ನೀರಾಗುತ್ತೆ. ಈ ನಡುವಿನ ಹೊತ್ತಲ್ಲೇ ಮೇಣ ಹಚ್ಚಿದ ಮರದ ಪಟ್ಟಿಯಿಂದ ಅದನ್ನ ಹರಡಬೇಕು. ಮೊದಲು ತವರದ ಲೇಪ ಕೊಡೋಕೆ ಹಚ್ಚೋ ಫ್ಲಕ್ಸ್‌ನಲ್ಲಿ ಆಮ್ಲ ಇದೆ. ಕೆಲಸ ಮುಗಿದ ಮೇಲೆ ಅಡಿಗೆ ಸೋಡಾ ನೀರಲ್ಲಿ ಚೆನ್ನಾಗಿ ತೊಳೀರಿ, ಇಲ್ಲದಿದ್ರೆ ಕೆಲವು ತಿಂಗಳಲ್ಲಿ ಅಲ್ಲೇ ಬಣ್ಣ ಗುಳ್ಳೆ ಏಳುತ್ತೆ. ಸೀಸ ಬೇಡ ಅನ್ನೋರು ಆ ಜೋಡಣೆಯನ್ನ ಪೂರ್ತಿ ವೆಲ್ಡ್ ಮಾಡಿ, ಮೇಲೆ ಫೈಬರ್ ಇರೋ ಪುಟ್ಟಿ ಹಾಕಿ. ಸ್ಪಾಟ್‌ಗಳ ಮೇಲೆ ಬರೀ ಪುಟ್ಟಿ ಹಾಕಿದ್ರೆ ಬಾಡಿ ಅಲುಗಾಟಕ್ಕೆ ಬಿರುಕು ಬಿಡುತ್ತೆ.

ಬರೀ ಲೋಹಕ್ಕೆ ಎರಡು ಕೋಟ್ ಎಪಾಕ್ಸಿ ಪ್ರೈಮರ್. ಸೀಮ್ ಸೀಲರ್ ಅದರ ಮೇಲೆ, ಕೆಳಗಲ್ಲ. ಡ್ರಾಪ್-ಆಫ್ ತಳದ ರಬ್ಬರ್ ಮುಚ್ಚಳದ ತೂತು ಸೀಲರ್‌ನಲ್ಲಿ ಮುಚ್ಚಿಹೋಗದ ಹಾಗೆ ನೋಡಿಕೊಳ್ಳಿ. ವೀಲ್‌ಹೌಸ್ ಮತ್ತು ಕ್ವಾರ್ಟರ್ ನಡುವಿನ ಸಂದಿಗೆ, ಹೊರಗೆ ಬಣ್ಣ ಪೂರ್ತಿ ಆದ ಮೇಲೆ, ಉದ್ದ ನಳಿಕೆಯ ಕ್ಯಾವಿಟಿ ವ್ಯಾಕ್ಸ್ ಬಿಡಿ. ವೆಲ್ಡ್‌ನ ಶಾಖಕ್ಕೆ ಹಿಂಬದಿಯ ಪ್ರೈಮರ್ ಸುಟ್ಟುಹೋಗಿರೋದು ಅಲ್ಲೇ, ಕಣ್ಣಿಗೆ ಬೀಳದಿರೋದೂ ಅಲ್ಲೇ.

ಸೀಟು, ಕಾರ್ಪೆಟ್ ವಾಪಸ್ ಹಾಕೋ ಮೊದಲು ಹಿಂದಿನ ಗಾಜಿನ ಮೇಲೆ ಹೋಸ್ ಪೈಪ್‌ನಲ್ಲಿ ಹತ್ತು ನಿಮಿಷ ನೀರು ಬಿಡಿ, ರಭಸ ಬೇಡ, ಮಳೆ ಥರ ಬೀಳಲಿ. ಒಬ್ಬರು ಡಿಕ್ಕಿಯೊಳಗೆ ಟಾರ್ಚ್ ಹಿಡಿದು ಕೂತಿರಲಿ. ಗಾಜಿನ ಕೆಳಮೂಲೆಯಿಂದ ಒಂದು ಹನಿ ಇಳಿದ್ರೂ ಗಾಜು ಮತ್ತೆ ತೆಗೀರಿ.