ಹಿಂಡುವ ಮುಂಚೆ ಬಿಡಿಸಿ ನೋಡಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರು, ಜ್ಯೂಸ್ ಅಂಗಡಿ ಇಟ್ಟುಕೊಂಡವರು, ಮಕ್ಕಳಿಗೆ ಮನೆಯಲ್ಲೇ ರಸ ತೆಗೆದುಕೊಡೋ ತಾಯಂದಿರು, ನಿಮಗೆಲ್ಲ ಇವತ್ತು ಒಂದೇ ಮಾತು ಹೇಳೋಕೆ ಬಂದಿದೀನಿ. ಹಣ್ಣನ್ನ ಹಿಂಡುವ ಮುಂಚೆ ಬಿಡಿಸಿ ನೋಡಿ. ಹಿಂಡಿದ ಮೇಲೆ ನೋಡೋಕೆ ಏನೂ ಉಳಿದಿರೋದಿಲ್ಲ.

ಶೇಂಗಾ ಬೆಳೆಯೋ ಚಳ್ಳಕೆರೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಶೇಂಗಾ ತಿನ್ನುವಾಗ ಒಂದು ಬೂಷ್ಟು ಹಿಡಿದ ಬೀಜ ಬಾಯಿಗೆ ಬಂದ್ರೆ ಥೂ ಅಂತ ಉಗುಳ್ತೀರಿ. ಅದೇ ಬೂಷ್ಟು ಹಿಡಿದ ಹಣ್ಣು ಜ್ಯೂಸ್ ಆಗಿ ಬಂದ್ರೆ? ಸಕ್ಕರೆ ಬಿದ್ದಿರುತ್ತೆ, ಐಸ್ ಬಿದ್ದಿರುತ್ತೆ. ನಾಲಿಗೆಗೆ ಗೊತ್ತೇ ಆಗಲ್ಲ.

ಹೊಸದುರ್ಗದ ಹತ್ತಿರ ಒಂದು ದಾಳಿಂಬೆ ತೋಟಕ್ಕೆ ಹೋಗಿದ್ದೆ. ಒಳ್ಳೆ ಬಿಸಿಲು. ಮನೆಯ ಅಮ್ಮ, ಅರವತ್ತು ದಾಟಿದವರು, ‘ಕೂತ್ಕಳ್ರಿ ಸಾರ್, ಹಣ್ಣಿನ ರಸ ಕುಡೀರಿ’ ಅಂದ್ರು. ಮೂಲೆಯಲ್ಲಿ ಒಂದು ಪುಟ್ಟಿ ಹಣ್ಣಿತ್ತು. ಒಳ್ಳೆಯವು ಬಾಕ್ಸಿಗೆ ಹೋಗಿ, ವ್ಯಾಪಾರಿ ಬೇಡ ಅಂದು ಬಿಟ್ಟವು. ಒಂದು ಹಣ್ಣು ಕೈಗೆ ತಗೊಂಡೆ. ಮೇಲೆ ಒಂದು ಚುಕ್ಕೆ ಇಲ್ಲ, ಕೆಂಪಗೆ ಹೊಳೀತಿದೆ. ಆದರೆ ಗಾತ್ರಕ್ಕೆ ತಕ್ಕ ತೂಕ ಇಲ್ಲ. ಬಿಡಿಸಿದರೆ ಒಳಗೆ ಒಂದು ಕಡೆ ಕಾಳೆಲ್ಲ ಇದ್ದಿಲಿನ ಹಾಗೆ ಕಪ್ಪು. ಅಮ್ಮ ಗಾಬರಿ ಆಗಲಿಲ್ಲ. ‘ಕಪ್ಪು ಕಾಳು ತೆಗೆದು ಮಿಕ್ಕಿದ್ದು ಹಿಂಡ್ತೀವಿ ಸಾರ್, ಎಸೆಯೋಕೆ ಮನಸ್ಸು ಬರಲ್ಲ’ ಅಂದ್ರು. ಅವರ ಮೊಮ್ಮಗ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ.

ಬೆಳೆದವರ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಆ ಪುಟ್ಟಿ ಹೊರಗೆ ಇಡಿಸಿದೆ. ಯಾಕಂದ್ರೆ ಅದು ಆಲ್ಟರ್ನೇರಿಯಾ ಅನ್ನೋ ಶಿಲೀಂಧ್ರದ, ಅಂದ್ರೆ ಒಂದು ಬಗೆಯ ಬೂಷ್ಟಿನ ಕೆಲಸ. ಗಿಡ ಹೂ ಬಿಟ್ಟಾಗಲೇ ಒಳಗೆ ಸೇರಿಕೊಂಡು, ಸಿಪ್ಪೆ ಮುಟ್ಟದೆ ಒಳಗಿಂದ ಕೊಳೆಸುತ್ತೆ. ಕೊಳೆಸುವಾಗ ವಿಷ ಬಿಡುತ್ತೆ. ಕಪ್ಪು ಕಣ್ಣಿಗೆ ಕಾಣುತ್ತೆ, ವಿಷ ಕಾಣಲ್ಲ. ಪಕ್ಕದ ಕೆಂಪು ಕಾಳಿಗೂ ಅದು ಇಳಿದಿರಬಹುದು. ಅದಕ್ಕೇ ಹೇಳ್ತಿರೋದು, ಹಿಂಡುವ ಮುಂಚೆ ಬಿಡಿಸಿ ನೋಡಿ, ಒಳಗೆ ಕಪ್ಪು ಕಂಡರೆ ಇಡೀ ಹಣ್ಣು ಬಿಡಿ.

ಸೇಬಿನದೂ ಇದೇ ಕಥೆ. ಪೆಟ್ಟು ಬಿದ್ದ ಜಾಗದಲ್ಲಿ ನೀಲಿ ಬೂಷ್ಟು ಬರುತ್ತಲ್ಲ, ಅದು ಪ್ಯಾಟುಲಿನ್ ಅನ್ನೋ ವಿಷ ಮಾಡುತ್ತೆ. 1940ರ ದಶಕದಲ್ಲಿ ಇದೇ ಪ್ಯಾಟುಲಿನ್ ನೆಗಡಿಗೆ ಮದ್ದಾಗಬಹುದು ಅಂತ ಇಂಗ್ಲೆಂಡಿನಲ್ಲಿ ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ದರು. ನೆಗಡಿ ಹೋಗಲಿಲ್ಲ. ಆಮೇಲೆ ಗೊತ್ತಾಯ್ತು ಅದು ವಿಷ ಅಂತ. ಈಗ ನಮ್ಮ ದೇಶದಲ್ಲಿ ಒಂದು ಕಿಲೋ ಸೇಬಿನ ರಸದಲ್ಲಿ ಅದು 50 ಮೈಕ್ರೋಗ್ರಾಂ ಮೀರುವಂತಿಲ್ಲ. ಎಷ್ಟು ಅಂದ್ರೆ, ಹತ್ತು ಟನ್ನಿನ ಎರಡು ಲಾರಿ ತುಂಬ ರಸಕ್ಕೆ ಒಂದು ಗ್ರಾಂ! ಅಷ್ಟಕ್ಕೇ ಗೆರೆ ಎಳೆದಿದ್ದಾರೆ.

‘ಕುದಿಸಿದರೆ ಹೋಗಲ್ವಾ ಸಾರ್?’ ಎಲ್ಲಿ ಹೋದರೂ ಕೇಳ್ತಾರೆ. ಹೋಗಲ್ಲ. ಕುದಿಸಿದರೆ ಬೂಷ್ಟು ಸಾಯುತ್ತೆ, ಅದು ಬಿಟ್ಟ ವಿಷ ಹಾಗೇ ಇರುತ್ತೆ. ಸೋಸಿದರೂ ಹೋಗಲ್ಲ, ಫ್ರಿಜ್ಜಲ್ಲಿ ಇಟ್ಟರೂ ಹೋಗಲ್ಲ.

ಸಮಯ ಆಯ್ತು ಅಂತ ಸನ್ನೆ ಬರ್ತಿದೆ. ಅಂಗಡಿಯವರೇ, ಅಗ್ಗಕ್ಕೆ ಸಿಕ್ತು ಅಂತ ಒಡೆದ ಹಣ್ಣಿನ ಬಾಕ್ಸ್ ತರಬೇಡಿ. ಬೆಳೆಗಾರರೇ, ಬಿದ್ದ ಹಣ್ಣು ಗಿಡದ ಬುಡದಲ್ಲಿ ಬಿಡಬೇಡಿ, ಗುಂಡಿ ತೆಗೆದು ಮಣ್ಣು ಮುಚ್ಚಿ. ಅಮ್ಮಂದಿರೇ, ಇವತ್ತು ಸಂಜೆ ಮಿಕ್ಸಿಗೆ ಹಾಕೋ ಹಣ್ಣನ್ನ ಒಂದೊಂದಾಗಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ನಮಸ್ಕಾರ.